15 ವರ್ಷ ದಾಟಿದ ಕಾರು ಗುಜರಿಗೇನಾ? ತಾತನ ಫಿಯೆಟ್ ಮತ್ತು ಸರ್ ಎಂ.ವಿ. ಕಂಡ ಕನಸು

ಜಯನಗರ, ಬನಶಂಕರಿ ಕಡೆಯ ಹಳೇ ಮನೆಗಳ ಶೆಡ್ಡುಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಫಿಯೆಟ್ ಕಾರು ಧೂಳು ಹಿಡಿದು ನಿಂತಿರುತ್ತದೆ. ಒಂದು ಕಾಲದಲ್ಲಿ ತಾತ ಓಡಿಸುತ್ತಿದ್ದದ್ದು. ಪಿಯುಸಿ ಓದುವ ಮೊಮ್ಮಗನಿಗೋ ಮೊಮ್ಮಗಳಿಗೋ ಅದನ್ನೇ ರಿಪೇರಿ ಮಾಡಿ ತನ್ನ ಮೊದಲ ಗಾಡಿ ಮಾಡಿಕೊಳ್ಳುವ ಆಸೆ. ಅಷ್ಟರಲ್ಲಿ ಮನೆಯ ವಾಟ್ಸಾಪ್ ಗ್ರೂಪಿಗೆ ಫಾರ್ವರ್ಡ್ ಬರುತ್ತದೆ: 15 ವರ್ಷ ದಾಟಿದ ಕಾರನ್ನು ಗುಜರಿಗೆ ಹಾಕಲೇಬೇಕು ಅಂತ. ಸೆಪ್ಟೆಂಬರ್ 15 ಬಂದರೆ ಅದೇ ಗ್ರೂಪಿಗೆ ಇನ್ನೊಂದು: ಸರ್ ಎಂ. ವಿಶ್ವೇಶ್ವರಯ್ಯನವರು ಸರ್ಕಾರಿ ಕಾರಿನಲ್ಲಿ ಹೋಗಿ ರಾಜೀನಾಮೆ ಕೊಟ್ಟು, ಸ್ವಂತ ಕಾರಿನಲ್ಲಿ ವಾಪಸಾದ ಕಥೆ.

ಮೊದಲನೆಯದು ನಿಜವಲ್ಲ, ಅದಕ್ಕೆ ಆಮೇಲೆ ಬರೋಣ. ಎರಡನೆಯದನ್ನು ಪಕ್ಕಕ್ಕಿಡೋಣ. ಯಾಕೆಂದರೆ ಸರ್ ಎಂ.ವಿ. ಅವರಿಗೂ ಕಾರಿಗೂ ಅದಕ್ಕಿಂತ ದೊಡ್ಡ ನಂಟಿದೆ. ಅದು ಶೆಡ್ಡಿನಲ್ಲಿ ನಿಂತಿರುವ ಆ ಫಿಯೆಟ್‌ವರೆಗೂ ಬರುತ್ತದೆ.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯ ಹುಡುಗ ಅವರು. ಚಿಕ್ಕ ವಯಸ್ಸಿಗೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಬಂದ ದುಡ್ಡಿನಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ನೀರು ಒಂದು ಮಟ್ಟ ದಾಟಿದರೆ ತಾನಾಗಿಯೇ ತೆರೆದುಕೊಳ್ಳುವ ಅವರ ಗೇಟುಗಳನ್ನು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಕೂರಿಸಲಾಯಿತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಕನ್ನಂಬಾಡಿ ಕಟ್ಟೆ, ಮೈಸೂರು ಬ್ಯಾಂಕು, ವಿಶ್ವವಿದ್ಯಾಲಯ ಇವೆಲ್ಲ ನಮಗೆ ಶಾಲೆಯಲ್ಲೇ ಗೊತ್ತಾದ ವಿಷಯ.

ಶಾಲೆಯ ಪುಸ್ತಕ ಹೆಚ್ಚು ಹೇಳದ ಭಾಗ 1930ರ ದಶಕದ್ದು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಭಾರತದಲ್ಲಿ ಓಡುತ್ತಿದ್ದ ಕಾರುಗಳೆಲ್ಲ ಹೊರಗಿನವು. ಇಲ್ಲಿ ಏನಾದರೂ ನಡೆಯುತ್ತಿದ್ದರೆ ಅದು ಹಡಗಿನಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸುವ ಕೆಲಸ ಮಾತ್ರ. ಇಲ್ಲೇ ಕಾರು ತಯಾರಾಗಬೇಕು ಎಂದು ಹಟ ಹಿಡಿದ ಸರ್ ಎಂ.ವಿ., 1935ರಲ್ಲಿ ಯುರೋಪ್ ಮತ್ತು ಅಮೆರಿಕದ ಕಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದು ಯೋಜನೆ ಬರೆದರು. ಉದ್ಯಮಿ ವಾಲಚಂದ್ ಹೀರಾಚಂದ್ ಕೈಜೋಡಿಸಿದರು. ಮೊದಲು ಬಾಂಬೆ ಪ್ರಾಂತ್ಯದ ಸರ್ಕಾರ ಆಸಕ್ತಿ ತೋರಿತು. 1939ರಲ್ಲಿ ಆ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಆಮೇಲೆ ಮೈಸೂರು ಸರ್ಕಾರ ಮುಂದೆ ಬಂತು, ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ಮಾತುಕತೆಯೂ ನಡೆಯಿತು. ಇನ್ನೇನು ಬೆಂಗಳೂರಿನಲ್ಲಿ ಕಾರ್ಖಾನೆ ಏಳಬೇಕು ಅನ್ನುವಾಗ ಬ್ರಿಟಿಷರ ಭಾರತ ಸರ್ಕಾರ ಅಡ್ಡ ಬಂತು. ಮಹಾಯುದ್ಧ ನಡೆಯುತ್ತಿತ್ತು, ಕಾರು ತಯಾರಿಕೆ ಯುದ್ಧಕ್ಕೆ ಬೇಕಾದದ್ದಲ್ಲ ಎಂಬುದು ಅದರ ನಿಲುವು. ಮಿಲಿಟರಿ ಲಾರಿಗಳಿಗೆ ಅಷ್ಟೊಂದು ಬೇಡಿಕೆಯಿದ್ದ ಕಾಲದಲ್ಲಿ ಈ ನಿಲುವು ನಮಗಂತೂ ಒಪ್ಪುವಂಥದ್ದಲ್ಲ.

ವಾಲಚಂದ್ ಸುಮ್ಮನೆ ಕೂರಲಿಲ್ಲ. 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. ಅದೇ ಇವತ್ತಿನ ಎಚ್‌ಎಎಲ್. ಕಾರಿನ ಕೆಲಸ ಮಾತ್ರ ಬಾಂಬೆಗೆ ಹೋಯಿತು: 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು, ಕುರ್ಲಾದ ಕಾರ್ಖಾನೆಯಿಂದ ಮುಂದೆ ಫಿಯೆಟ್ ಕಾರುಗಳು ಬಂದವು. ಅದೇ ಫಿಯೆಟ್‌ಗೆ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂತು. ನಿಮ್ಮ ತಾತನ ಕಾರು ಈ ವಂಶದ್ದು. ಯುದ್ಧದ ಹೆಸರಿನಲ್ಲಿ ಅಡ್ಡಿ ಬರದೇ ಇದ್ದಿದ್ದರೆ ಅದು ಬೆಂಗಳೂರಿನಲ್ಲೇ ತಯಾರಾಗುತ್ತಿತ್ತೋ ಏನೋ.

ಇನ್ನೊಂದು ವಿಷಯ. ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದದ್ದಕ್ಕೆ ತಮಗೆ ಬರಬೇಕಿದ್ದ ಹಣವನ್ನು ಸರ್ ಎಂ.ವಿ. ಮನೆಗೆ ಒಯ್ಯಲಿಲ್ಲ. ಹುಡುಗರು ಕೈಕಸುಬು ಕಲಿಯುವ ಸಂಸ್ಥೆ ಕಟ್ಟಲು ಕೊಟ್ಟರು. ಅದಕ್ಕೆ ತಮ್ಮ ಹೆಸರು ಬೇಡವೆಂದರು, ಮಹಾರಾಜ ಜಯಚಾಮರಾಜೇಂದ್ರರ ಹೆಸರು ಬಂತು. ಅದೇ ಎಸ್‌ಜೆ ಪಾಲಿಟೆಕ್ನಿಕ್. ಹಳೇ ಕಾರಿಗೆ ಸ್ಪೇರ್ ಪಾರ್ಟ್ಸ್ ಹುಡುಕಿಕೊಂಡು ನಾವೆಲ್ಲ ಹೋಗುವ ಜೆ.ಸಿ. ರಸ್ತೆಗೂ ಅದೇ ಮಹಾರಾಜರ ಹೆಸರು! 1955ರಲ್ಲಿ ಭಾರತರತ್ನ ಪಡೆದ ಸರ್ ಎಂ.ವಿ., ನೂರು ದಾಟಿ ಬದುಕಿ 1962ರಲ್ಲಿ ತೀರಿಕೊಂಡರು.

ಈಗ ಫಾರ್ವರ್ಡ್ ವಿಷಯ. ಪೆಟ್ರೋಲ್ ಕಾರಿಗೆ 15 ವರ್ಷ, ಡೀಸೆಲ್ ಕಾರಿಗೆ 10 ವರ್ಷ ಎಂಬ ಮಿತಿ ಹುಟ್ಟಿದ್ದು ದೆಹಲಿ ಸುತ್ತಲಿನ ಪ್ರದೇಶಕ್ಕೆ, ಅಲ್ಲಿನ ಹೊಗೆಯ ಕಾರಣಕ್ಕೆ. ಕರ್ನಾಟಕದಲ್ಲಿ ಸ್ವಂತ ಕಾರಿಗೆ 15 ವರ್ಷವಾದರೆ ಫಿಟ್‌ನೆಸ್ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಆರ್‌ಸಿ ನವೀಕರಿಸಬಹುದು. ಪ್ರತಿ ಸಲ 5 ವರ್ಷಕ್ಕೆ. ತಪಾಸಣೆಯಲ್ಲಿ ಪಾಸಾಗದ ಕಾರು ಮಾತ್ರ ರಸ್ತೆಗೆ ಇಳಿಯುವಂತಿಲ್ಲ. ತಾತ ಇಲ್ಲವಾಗಿದ್ದರೆ ಮೊದಲು ಆರ್‌ಸಿಯನ್ನು ವಾರಸುದಾರರ ಹೆಸರಿಗೆ ಮಾಡಿಸಿ. 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಆದರೆ ಹಾಗೆ ಮಾಡಿಸಿದರೆ ದಿನಾ ಕಾಲೇಜಿಗೆ ಓಡಿಸುವಂತಿಲ್ಲ, ಯೋಚಿಸಿ.

ವರ್ಷಗಟ್ಟಲೆ ನಿಂತ ಕಾರಿಗೆ ಹೊಸ ಬ್ಯಾಟರಿ ಹಾಕಿ ಕೀಲಿ ತಿರುಗಿಸಬೇಡಿ. ಟ್ಯಾಂಕಿನ ಹಳೇ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರ್ ಕಟ್ಟಿರುತ್ತದೆ. ಎಂಜಿನ್ ಆಯಿಲ್ ಬದಲಿಸಿ, ಎಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ನೋಡಿ. ಪೆಟ್ರೋಲಿನ ರಬ್ಬರ್ ಪೈಪುಗಳನ್ನು ಪೂರ್ತಿ ಬದಲಿಸಲೇಬೇಕು, ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಬೇಗ ಕೆಟ್ಟು ಸೋರುತ್ತದೆ, ಬೆಂಕಿಯ ಅಪಾಯವಿದೆ. ಎಲ್ಲಕ್ಕಿಂತ ಮೊದಲು ಬ್ರೇಕು: ಚಕ್ರದ ಸಿಲಿಂಡರುಗಳ ರಬ್ಬರ್ ಗಟ್ಟಿಯಾಗಿರುತ್ತದೆ, ಪೆಡಲ್ ಒತ್ತಿದರೂ ಕಾರು ನಿಲ್ಲದು. ಇದನ್ನು ಮೆಕ್ಯಾನಿಕ್ ಮಾಡಲಿ, ಮಕ್ಕಳು ಪಕ್ಕದಲ್ಲಿ ನಿಂತು ಕಲಿಯಲಿ. ಈ ಕಾರಿನಲ್ಲಿ ಕಂಪ್ಯೂಟರ್ ಇಲ್ಲ, ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಬಿಚ್ಚಿ ನೋಡಬಹುದು.

ರಿಪೇರಿಗೆ ವಯಸ್ಸಿನ ಮಿತಿ ಇಲ್ಲ, ಓಡಿಸುವುದಕ್ಕೆ ಇದೆ. 18 ತುಂಬದವರು ರಸ್ತೆಯಲ್ಲಿ ಕಾರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಕಾರಿನ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಕಾರಿನ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಅಲ್ಲಿಯವರೆಗೆ ಒಂದು ಭಾನುವಾರ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಅಲ್ಲಿ ಎಂಜಿನ್‌ಗಳಿಗೇ ಒಂದು ಹಾಲ್ ಇದೆ.