ಸರ್ ಎಂ.ವಿ. ಮತ್ತು ಮೂಸಿ ನದಿಯ ಮಳೆ ಲೆಕ್ಕ

ನಮ್ಮ ಅಜ್ಜಿ ಊರು ಹೊನ್ನಾಳಿ ಕಡೆಯ ಗೋವಿನಕೋವಿ. ಅಲ್ಲಿ ಬಿಸಿಲಿದ್ದರೂ ಒಮ್ಮೊಮ್ಮೆ ತುಂಗಭದ್ರೆ ತುಂಬಿ ಬರುತ್ತಾಳೆ. ಯಾಕಂದ್ರೆ ಮಳೆ ಬಿದ್ದಿರೋದು ಮೇಲೆ, ಮಲೆನಾಡಿನಲ್ಲಿ. ಹೊಳೆಯನ್ನು ಅರ್ಥ ಮಾಡ್ಕೋಬೇಕು ಅಂದ್ರೆ ದಡ ನೋಡಿದರೆ ಸಾಲದು, ಮಳೆ ಎಲ್ಲಿ ಬಿತ್ತು ಅಂತ ಹುಡುಕಬೇಕು. ಇದನ್ನು ನೂರು ವರ್ಷಕ್ಕೂ ಹಿಂದೆ ಲೆಕ್ಕ ಹಾಕಿ ತೋರಿಸಿದವರು ನಮ್ಮ ಸರ್ ಎಂ.ವಿ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರಲ್ಲಿ, ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಆಮೇಲೆ ಪುಣೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಬೊಂಬಾಯಿ ಸರ್ಕಾರದ ಕೆಲಸಕ್ಕೆ ಸೇರಿದರು. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಅವರ ಸ್ವಯಂಚಾಲಿತ ಗೇಟುಗಳು ಬಂದದ್ದು 1903ರಲ್ಲಿ. ನೀರು ಮಟ್ಟ ಮೀರಿದರೆ ತಾವೇ ತೆರೆದುಕೊಂಡು, ಇಳಿದರೆ ತಾವೇ ಮುಚ್ಚಿಕೊಳ್ಳುವ ಗೇಟುಗಳು ಅವು.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿ ಊರೊಳಗೆ ನುಗ್ಗಿತು. ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಎಂ.ವಿ.ಯವರನ್ನು ಕರೆಸಿತು. ದಡಕ್ಕೆ ಗೋಡೆ ಕಟ್ಟಿ ಅಂತ ಹೇಳಿ ಅವರು ವಾಪಸ್ ಬರಬಹುದಿತ್ತು. ಆದರೆ ಅವರು ಮೊದಲು ಮಳೆಯ ಅಂಕಿ ತೆಗೆಸಿದರು. ನಗರದ ಹತ್ತಿರದ ಶಂಶಾಬಾದ್‌ನಲ್ಲಿ ಒಂದೇ ದಿನಕ್ಕೆ ಸುಮಾರು 325 ಮಿ.ಮೀ., ಎರಡು ದಿನಕ್ಕೆ ಸುಮಾರು 480 ಮಿ.ಮೀ. ಸುರಿದಿತ್ತು. ನದಿಗೆ ನೀರು ಹರಿಸುವ ಜಾಗದಲ್ಲಿ 788 ಕೆರೆಗಳಿದ್ದವು. ಅದರಲ್ಲಿ 221 ಒಡೆದಿದ್ದವು. ಒಂದರ ನೀರು ಇನ್ನೊಂದನ್ನು ಒಡೆಯುತ್ತಾ ಬಂದಿತ್ತು.

ಇಲ್ಲೇ ಇರೋದು ವಿಷಯ. ಅದೇ 300 ಮಿ.ಮೀ. ಮಳೆ 24 ಗಂಟೆ ನಿಧಾನವಾಗಿ ಬಿದ್ದರೆ ಒಂದು ಪ್ರವಾಹ, 6 ಗಂಟೆಯಲ್ಲಿ ಸುರಿದರೆ ಬೇರೆಯೇ ಪ್ರವಾಹ. ಎಷ್ಟು, ಎಷ್ಟು ಹೊತ್ತಲ್ಲಿ, ಎಲ್ಲಿ ಅಂತ ಗೊತ್ತಾದ ಮೇಲೆಯೇ ಯಾವ ಮಳೆಗೆ ಸಿದ್ಧವಾಗಬೇಕು ಅಂತ ತೀರ್ಮಾನಿಸಬಹುದು. ಅದನ್ನೇ ಈಗ ಡಿಸೈನ್ ಮಳೆ ಅಂತೀವಿ.

ಊರಿನ ಮೇಲ್ಭಾಗದಲ್ಲಿ, ಮೂಸಿ ಮತ್ತು ಈಸಿ ನದಿಗಳಿಗೆ ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲೇ ತಡೆದು, ದಡ ತಡೆಯುವಷ್ಟೇ ನೀರು ಬಿಡಬೇಕು ಅನ್ನೋದು ಅವರ ಸಲಹೆ. ಮುಂದೆ ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಕಟ್ಟಿದ್ದು ಹೀಗೆ. ಎಂ.ವಿ. 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆ ನಮಗೆಲ್ಲ ಗೊತ್ತೇ ಇದೆ. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು.

2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಮತ್ತೆ ಮುಳುಗಿತು. ಘಟ್‌ಕೇಸರ್‌ನಲ್ಲಿ ಒಂದೇ ದಿನ 320 ಮಿ.ಮೀ. ಮೀರಿತು. ಹೆಚ್ಚುಕಮ್ಮಿ ಅದೇ ಹಳೇ ಅಂಕಿ! ಆದರೆ ಘಟ್‌ಕೇಸರ್ ಇರೋದು ಆ ಜಲಾಶಯಗಳ ಕೆಳಗೆ. ನಗರದಲ್ಲೂ ಈಗ ಮಣ್ಣಿಗಿಂತ ಕಾಂಕ್ರೀಟೇ ಜಾಸ್ತಿ. ಜಲಾಶಯ ತಡೆಯೋದು ತನ್ನ ಮೇಲಿಂದ ಬಂದ ನೀರನ್ನು ಮಾತ್ರ. ಇದು ಎಂ.ವಿ.ಯವರ ಲೆಕ್ಕದ ತಪ್ಪಲ್ಲ. ಅವರು ಹೊಸ ಅಂಕಿ ತೆಗೆಸಿ ಲೆಕ್ಕ ಮಾಡಿದ್ದರು; ನಾವೂ ಹಳೇ ಟೇಬಲ್ ಕಾಪಿ ಮಾಡದೆ ಹಾಗೇ ಮಾಡಬೇಕು.

ಸೆಪ್ಟೆಂಬರ್ 15ಕ್ಕೆ ಅವರ ಫೋಟೋಗೆ ಹಾರ ಹಾಕ್ತೀವಿ. ಈ ಸಲ ಜೊತೆಗೆ ನಿಮ್ಮೂರಿನ ಮಳೆ ಅಂಕಿಯನ್ನೂ ಒಮ್ಮೆ ಹುಡುಕಿ ನೋಡಿ. ನಾನು ಹೊನ್ನಾಳಿಯದ್ದರಿಂದ ಶುರು ಮಾಡ್ತೀನಿ, ಆಮೇಲೆ ಮಲೆನಾಡಿನದ್ದು.