ಮಹಾತ್ಮರ ಆಹಾರವ್ರತ

ನಾಗಪುರದ ಲಕ್ಷ್ಮೀನಗರದಲ್ಲಿ ಬಾಡಿಗೆಗೆ ಕೋಣೆ ಕೇಳಹೋದ ನಮ್ಮ ಹುಡುಗರಿಗೆ ಸಂಬಳದ ವಿಚಾರಕ್ಕಿಂತ ಮೊದಲು ಊಟದ ವಿಚಾರವಾಗಿ ಪ್ರಶ್ನೆ ಬರುವುದುಂಟು. ದಿನವಿಡೀ ಶಾಕಾಹಾರಿ ಹೋಟೆಲಿನಲ್ಲಿ ಇಡ್ಲಿ ಸಾಂಬಾರು ಬಡಿಸುವವನು ಊರಿನ ತನ್ನ ಮನೆಯಲ್ಲಿ ಮೀನು ತಿನ್ನುವವನಾಗಿದ್ದರೆ, ಆ ಪ್ರಶ್ನೆಗೆ ಉತ್ತರ ಕೊಡಲು ತಡವರಿಸುತ್ತಾನೆ. ಇತ್ತ ಸಾವಜಿ ಮಟನ್ನಿಗೆ ಹೆಸರಾದ ಇದೇ ನಗರದಲ್ಲಿ ಮಾಂಸ ಮುಟ್ಟದ ಗುಮಾಸ್ತನು ಕಚೇರಿಯ ಸಂತೋಷಕೂಟದಲ್ಲಿ ಹಪ್ಪಳ ಮುರಿಯುತ್ತ ಕುಳಿತು ಗೆಳೆಯರ ನಗೆಗೆ ಗುರಿಯಾಗುತ್ತಾನೆ. ಈ ಎರಡು ಬಗೆಯ ಸಂಕಟವನ್ನೂ ಉಂಡ ಒಬ್ಬರು ಇಲ್ಲಿಂದ ಸುಮಾರು 75 ಕಿಲೋಮೀಟರ್ ದೂರದ ಸೇವಾಗ್ರಾಮದಲ್ಲಿ ಬಾಳಿದರು. ಗಾಂಧೀಜಿಯವರ ರಾಜಕಾರಣದ ಕಥೆ ಎಲ್ಲರಿಗೂ ತಿಳಿದದ್ದೇ. ಅವರ ಊಟದ ಕಥೆಯನ್ನು ನಾವು ಇಂದು ವಾಚಕರ ಮುಂದಿಡುತ್ತೇವೆ.

ಮೋಹನದಾಸರು 1869ನೆಯ ಅಕ್ಟೋಬರ್ 2ರಂದು ಪೋರಬಂದರಿನ ವೈಷ್ಣವ ವಣಿಕರ ಮನೆಯಲ್ಲಿ ಜನಿಸಿದರು. ತಾಯಿ ಪುತಲೀಬಾಯಿ ವ್ರತ ಉಪವಾಸಗಳಲ್ಲಿ ಬಾಳು ಸವೆಸಿದ ಸಾಧ್ವಿ. ಜೈನ ಸಾಧುಗಳು ಆ ಮನೆಗೆ ಬಂದು ಹೋಗುತ್ತಿದ್ದರು. ಇಂಥ ಮನೆಯ ಹುಡುಗನು ರಾಜಕೋಟೆಯ ಶಾಲೆಯಲ್ಲಿದ್ದಾಗ ಕೇಳಿದ ಮಾತೇ ಬೇರೆ. ಆಂಗ್ಲರು ಮಾಂಸ ತಿಂದು ಬಲಿಷ್ಠರಾದರು, ಆದುದರಿಂದಲೇ ನಮ್ಮನ್ನು ಆಳುತ್ತಾರೆ, ನಾವೂ ತಿಂದರೆ ಅವರನ್ನು ಓಡಿಸಬಹುದು ಎಂದು ಗೆಳೆಯನೊಬ್ಬನು ಬೋಧಿಸಿದನು. ಮೋಹನದಾಸರು ನಂಬಿದರು. ಹೊಳೆಯ ದಡದ ಏಕಾಂತದಲ್ಲಿ ತಿಂದ ಆಡಿನ ಮಾಂಸವು ತೊಗಲಿನಂತೆ ಗಡುಸಾಗಿತ್ತು. ಆ ರಾತ್ರಿ ಹೊಟ್ಟೆಯೊಳಗೆ ಜೀವಂತ ಆಡು ಅರಚಿದಂತಾಗಿ ನಿದ್ದೆ ಹತ್ತಲಿಲ್ಲ. ಆದರೂ ಒಂದು ವರ್ಷದಲ್ಲಿ ಐದಾರು ಸಲ ಆ ಭೋಜನ ನಡೆಯಿತು. ಕೊನೆಗೆ ಬಿಟ್ಟದ್ದು ಮಾಂಸದ ಮೇಲಣ ಜುಗುಪ್ಸೆಯಿಂದಲ್ಲ, ಹಸಿವಿಲ್ಲವೆಂದು ತಾಯಿಗೆ ಸುಳ್ಳು ಹೇಳಬೇಕಾಗಿ ಬಂದುದರಿಂದ. ತಂದೆತಾಯಿಗಳ ಕಾಲಾನಂತರ ರಾಜಾರೋಷವಾಗಿ ತಿನ್ನುವೆನೆಂಬ ಸಂಕಲ್ಪ ಮಾತ್ರ ಮನಸ್ಸಿನಲ್ಲಿ ಉಳಿದಿತ್ತು.

1888ರಲ್ಲಿ ಬ್ಯಾರಿಸ್ಟರ್ ಪರೀಕ್ಷೆಗೆಂದು ವಿಲಾಯತಿಗೆ ಹೊರಟಾಗ ತಾಯಿ ಅಂಜಿದರು. ಬೇಚರಜೀ ಸ್ವಾಮಿ ಎಂಬ ಜೈನ ಸಾಧುಗಳು ಹುಡುಗನಿಂದ ಮದ್ಯ, ಮಾಂಸ, ಪರಸ್ತ್ರೀಯನ್ನು ಮುಟ್ಟೆನೆಂಬ ಪ್ರತಿಜ್ಞೆ ಮಾಡಿಸಿದ ಮೇಲೆ ತಾಯಿಯ ಅಪ್ಪಣೆ ದೊರೆಯಿತು. ಆದರೆ ಮುಂಬಯಿಯಲ್ಲಿ ಜಾತಿಯ ಪಂಚಾಯಿತಿ ಕೂಡಿತು. ಸಮುದ್ರ ದಾಟಿದವನು ಅಲ್ಲಿ ಆಂಗ್ಲರೊಡನೆ ಉಣ್ಣದೆ ಇರಲಾರನೆಂಬುದು ಹಿರಿಯರ ತೀರ್ಮಾನ. ಪ್ರತಿಜ್ಞೆಯ ಮಾತನ್ನು ಅವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಹುಡುಗನನ್ನು ಜಾತಿಯಿಂದ ಹೊರಹಾಕಿ, ಅವನನ್ನು ಬೀಳ್ಕೊಡಲು ಬಂದರಿಗೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿದರು. ಮಾಂಸ ತಿನ್ನಬಹುದೆಂಬ ಅನುಮಾನವೊಂದೇ ಸಾಕಾಗಿತ್ತು.

ಹಡಗಿನಲ್ಲಿ ಅವರು ಮನೆಯಿಂದ ತಂದ ಸಿಹಿ ಮತ್ತು ಹಣ್ಣುಗಳಿಂದ ದಿನ ನೂಕಿದರು. ಯಾವ ಪದಾರ್ಥದಲ್ಲಿ ಮಾಂಸವಿದೆಯೆಂದು ಕೇಳಲು ಸಂಕೋಚ. ಲಂಡನ್ನಿನಲ್ಲಿ ಬಿಡಾರದ ಯಜಮಾನಿಗೆ ಈ ವಿಚಿತ್ರ ಅತಿಥಿಗೆ ಏನು ಬೇಯಿಸಿ ಹಾಕಬೇಕೆಂದೇ ತಿಳಿಯಲಿಲ್ಲ. ಸೊಪ್ಪು, ಬ್ರೆಡ್ಡು, ಜಾಮು, ಮತ್ತೆ ಸೊಪ್ಪು. ಎರಡು ಮೂರು ತುಂಡಿಗಿಂತ ಹೆಚ್ಚು ಬ್ರೆಡ್ಡು ಕೇಳಲು ನಾಚಿಕೆ. ಬಡಿಸುವವನು ಇನ್ನೊಂದು ಸಲ ಕೇಳದಿದ್ದರೆ ಹಸಿದೇ ಏಳುವ ಗಿರಾಕಿಗಳನ್ನು ನಾವೂ ಗಲ್ಲಾದ ಹಿಂದೆ ಕುಳಿತು ಕಂಡವರು. ಹದಿನೆಂಟು ತುಂಬಿ ಹತ್ತೊಂಬತ್ತಕ್ಕೆ ಕಾಲಿಟ್ಟ ಹುಡುಗನ ಆ ಹಸಿವು ನಮಗೆ ಅರ್ಥವಾಗುತ್ತದೆ.

ಸ್ನೇಹಿತರೊಬ್ಬರು ಇವರ ಹಟ ಬಿಡಿಸಲೆಂದು ಹಾಲ್ಬರ್ನ್ ಎಂಬ ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದೊಯ್ದರು. ಅಷ್ಟು ಜನರ ನಡುವೆ ಹುಡುಗನು ತುಟಿ ಬಿಚ್ಚಲಾರನೆಂದು ಅವರ ಲೆಕ್ಕ. ಮೊದಲು ಸೂಪು ಬಂತು. ಇವರು ಸಪ್ಲೈಯರನನ್ನು ಕರೆದು ಅದರಲ್ಲಿ ಏನಿದೆಯೆಂದು ವಿಚಾರಿಸಹೋದರು. ಸ್ನೇಹಿತರು ಸಿಟ್ಟಾಗಿ, ಸಭ್ಯರ ನಡುವೆ ಕೂರಲು ಬಾರದಿದ್ದರೆ ಬೇರೆ ಕಡೆ ಉಂಡು ಹೊರಗೆ ಕಾದಿರಬೇಕೆಂದರು. ಇವರು ಎದ್ದು ನಡೆದರು. ಹತ್ತಿರದ ಶಾಕಾಹಾರಿ ಭೋಜನಾಲಯವು ಬಾಗಿಲು ಹಾಕಿತ್ತು. ಆ ರಾತ್ರಿ ಬರಿಹೊಟ್ಟೆಯಲ್ಲೇ ನಾಟಕ ನೋಡಿದರು. ಸ್ನೇಹ ಮಾತ್ರ ಕೆಡಲಿಲ್ಲ.

ದಿನವೂ ಹತ್ತು ಹನ್ನೆರಡು ಮೈಲಿ ಅಲೆದು ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಅವರು ಒಂದು ಶಾಕಾಹಾರಿ ಹೋಟೆಲನ್ನು ಕಂಡರು. ಬಾಗಿಲ ಬಳಿ ಮಾರಾಟಕ್ಕಿಟ್ಟ ಪುಸ್ತಕಗಳಲ್ಲಿ ಹೆನ್ರಿ ಸಾಲ್ಟ್ ಎಂಬವರು ಶಾಕಾಹಾರದ ಪರವಾಗಿ ಬರೆದುದೊಂದಿತ್ತು. ಒಂದು ಶಿಲಿಂಗ್ ಕೊಟ್ಟು ಅದನ್ನು ಕೊಂಡು ಒಳಹೊಕ್ಕರು. ವಿಲಾಯತಿಗೆ ಬಂದ ಮೇಲೆ ಹೊಟ್ಟೆ ತುಂಬಿದ್ದು ಅಂದೇ ಮೊದಲು. ಅಲ್ಲಿಯವರೆಗೆ ತಾಯಿಗಿತ್ತ ಮಾತಿಗಾಗಿ ಮಾಂಸ ಬಿಟ್ಟಿದ್ದವರು ಆ ಪುಸ್ತಕ ಓದಿ ಸ್ವಂತ ವಿಚಾರದಿಂದ ಬಿಟ್ಟರು. ಈ ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ಹುಟ್ಟಿನಿಂದ ಬಂದುದನ್ನು ಅವರು ಬುದ್ಧಿಯಿಂದ ಮತ್ತೊಮ್ಮೆ ಗಳಿಸಿದರು.

ಮುಂದೆ ಒಂದೇ ಕೋಣೆ, ಒಂದು ಒಲೆ. ಬೆಳಿಗ್ಗೆ ಓಟ್ಸ್ ಗಂಜಿ, ರಾತ್ರಿ ಬ್ರೆಡ್ಡು ಮತ್ತು ಕೋಕೋ. ದಿನದ ಊಟದ ಖರ್ಚು ಒಂದು ಶಿಲಿಂಗ್ ಮೂರು ಪೆನ್ಸಿಗೆ ಇಳಿಯಿತು. ಲಂಡನ್ನಿನ ಶಾಕಾಹಾರಿ ಸಂಘದ ಕಾರ್ಯಕಾರಿ ಮಂಡಲಿಗೂ ಅವರು ಸೇರಿದರು. 1891ರಲ್ಲಿ ಅಲ್ಲಿ ಒಂದು ಜಗಳ ಹುಟ್ಟಿತು. ಡಾ. ಆಲಿನ್ಸನ್ ಎಂಬ ಸದಸ್ಯರು ಸಂತಾನ ನಿಯಂತ್ರಣವನ್ನು ಪ್ರಚಾರ ಮಾಡುತ್ತಿದ್ದುದರಿಂದ ಅಧ್ಯಕ್ಷರು ಅವರನ್ನು ಹೊರಹಾಕಬಯಸಿದರು. ಗಾಂಧೀಜಿಯವರಿಗೆ ಆಲಿನ್ಸನ್ನರ ಮತ ಸರಿಬೀಳದು. ಆದರೂ ಮಾಂಸ ತಿನ್ನದವನಿಗೆ ಸಂಘದಲ್ಲಿ ಸ್ಥಾನವುಂಟು, ಅವನ ಇತರ ಅಭಿಪ್ರಾಯಗಳನ್ನು ಕೇಳುವ ಹಕ್ಕು ಸಂಘಕ್ಕಿಲ್ಲವೆಂದು ಬರೆದು ತಂದರು. ಸಂಕೋಚದಿಂದ ಓದಲಾಗದೆ ಇನ್ನೊಬ್ಬರಿಂದ ಓದಿಸಿದರು. ಅವರ ಪಕ್ಷ ಸೋತಿತು. ಜಾತಿಯ ಪಂಚಾಯಿತಿಯಿಂದ ಹೊರಬಿದ್ದವರಿಗೆ ಹೊರಹಾಕುವವರ ಸಾಲಿನಲ್ಲಿ ಕೂರುವುದು ಹಿತವಾಗಲಿಲ್ಲವೆಂದು ನಮ್ಮ ಊಹೆ. ಅದೇ ವರ್ಷ ಊರಿಗೆ ಹೊರಡುವಾಗ ಅವರು ಶಾಕಾಹಾರಿ ಮಿತ್ರರಿಗೆ ಔತಣವಿತ್ತರು. ಸ್ಥಳ ಅದೇ ಹಾಲ್ಬರ್ನ್ ಹೋಟೆಲು. ಅಂದು ಆ ಮೇಜುಗಳ ಮೇಲೆ ಶಾಕಾಹಾರವೇ ಬಂತು.

ದಕ್ಷಿಣ ಆಫ್ರಿಕದ ಒಂದು ಸಂಗತಿಯನ್ನು ಹೋಟೆಲು ಕಸಬಿನವರು ಕೇಳಲೇಬೇಕು. ಜೋಹಾನ್ಸ್‌ಬರ್ಗಿನಲ್ಲಿ ಮಹಿಳೆಯೊಬ್ಬರು ಶಾಕಾಹಾರಿ ಭೋಜನಾಲಯ ನಡೆಸುತ್ತಿದ್ದರು. ಕಲಾಸಕ್ತಿ ಬಹಳ, ಖರ್ಚು ಧಾರಾಳ, ಲೆಕ್ಕಪತ್ರ ಗೊತ್ತಿಲ್ಲ. ಅಂಗಡಿ ದೊಡ್ಡದು ಮಾಡಲು ಅವರು ಹಣ ಕೇಳಿದಾಗ ಗಾಂಧೀಜಿಯವರು ಬದ್ರಿ ಎಂಬ ಕಕ್ಷಿಗಾರನು ತಮ್ಮಲ್ಲಿ ಇಟ್ಟಿದ್ದ ಹಣದಿಂದ, ಅವನ ಒಪ್ಪಿಗೆ ಪಡೆದು, 1000 ಪೌಂಡು ಕೊಡಿಸಿದರು. ಎರಡು ಮೂರು ತಿಂಗಳಲ್ಲೇ ಹಣ ಮುಳುಗಿತೆಂದು ಗೊತ್ತಾಯಿತು. ಕೂಲಿಯಾಗಿ ಬಂದಿದ್ದ ಬದ್ರಿಗೆ ಅವರು ತಮ್ಮ ಸಂಪಾದನೆಯಿಂದ ಪೂರ್ತಿ ತೀರಿಸಿದರು. ತತ್ತ್ವ ಎಷ್ಟೇ ಉದಾತ್ತವಾಗಿರಲಿ, ಗಲ್ಲಾದ ಲೆಕ್ಕ ತಪ್ಪಿದರೆ ಅಡುಗೆಮನೆ ನಡೆಯದು.

1909ರ ಸುಮಾರಿಗೆ ಕಸ್ತೂರಬಾ ಶಸ್ತ್ರಚಿಕಿತ್ಸೆಯ ಬಳಿಕ ಡರ್ಬನ್ನಿನಲ್ಲಿ ಡಾಕ್ಟರೊಬ್ಬರ ಆರೈಕೆಯಲ್ಲಿದ್ದರು. ಡಾಕ್ಟರು ಗೋಮಾಂಸದ ಸಾರು ಕೊಡಬೇಕೆಂದರು. ಪತಿ ತಾವು ಒಪ್ಪದೆ, ಆಕೆಯನ್ನೇ ಕೇಳಲು ಹೇಳಿದರು. ಆಕೆಗೆ ತಿಳಿಸದೆಯೇ ಸಾರು ಕೊಟ್ಟಾಗಿತ್ತೆಂದು ಬಳಿಕ ಹೊರಬಿತ್ತು. ಬಾ ಸತ್ತರೂ ಒಲ್ಲೆನೆಂದರು. ಎಲುಬುಗೂಡಾಗಿದ್ದ ಆಕೆಯನ್ನು ಜಿನುಗುವ ಮಳೆಯಲ್ಲಿ ಫೀನಿಕ್ಸಿಗೆ ಸಾಗಿಸಿದರು. ಬದುಕಿಕೊಂಡರು, ನಿಜ. ಡಾಕ್ಟರ ಮಾತು ಮೀರುವ ಈ ಸಾಹಸವನ್ನು ನಮ್ಮ ವಾಚಕರು ಅನುಸರಿಸಲೆಂದು ನಾವು ಹೇಳಲಾರೆವು. ಆದರೆ ಒಬ್ಬರ ಬಾಯಿಗೆ ಅವರಿಗೆ ತಿಳಿಯದಂತೆ ಏನನ್ನೂ ಹಾಕಬಾರದೆಂಬುದು ನಮಗೆ ಪೂರ್ತಿ ಒಪ್ಪಿಗೆ.

1912ರಲ್ಲಿ ಟಾಲ್‌ಸ್ಟಾಯ್ ಫಾರಂನಲ್ಲಿ ಅವರು ಹಾಲನ್ನೂ ಬಿಟ್ಟರು. ಹೆಚ್ಚು ಹಾಲು ಹಿಂಡಲು ಹಸುಗಳಿಗೆ ಕೊಡುತ್ತಿದ್ದ ಹಿಂಸೆಯ ವರದಿಗಳು ಅದಕ್ಕೆ ಒಂದು ಕಾರಣ. ಹಾಲು ತುಪ್ಪ ಯಾವುದನ್ನೂ ಮುಟ್ಟದವರನ್ನು ಇಂದು ವೀಗನ್ ಎನ್ನುತ್ತಾರೆ. ಆ ಶಬ್ದ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1944ರಲ್ಲಿ. 1918ರಲ್ಲಿ ಖೇಡಾದಲ್ಲಿ ಅವರು ಆಮಶಂಕೆಯಿಂದ ಮರಣದ ಅಂಚಿಗೆ ಹೋದರು. ಹಾಲಿಲ್ಲದೆ ದೇಹ ಏಳದೆಂದು ಡಾ. ದಲಾಲರು ಹೇಳಿದರು. ವ್ರತ ಅಡ್ಡ ಬಂತು. ಆಗ ಬಾ ಕೇಳಿದರು: ಆಡಿನ ಹಾಲಿಗೇನು ಅಡ್ಡಿ? ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆ ಮಾತ್ರ. ಅವರು ಆಡಿನ ಹಾಲು ಕುಡಿದರು. ಅಕ್ಷರ ಉಳಿಯಿತು, ಭಾವ ಮುರಿಯಿತೆಂಬ ನೋವು ಕೊನೆಯವರೆಗೂ ಅವರನ್ನು ಬಿಡಲಿಲ್ಲ, ಆ ನೋವನ್ನು ಅವರು ಮುಚ್ಚಿಡಲೂ ಇಲ್ಲ. 1927ರಲ್ಲಿ ನಮ್ಮ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಬೆಂಗಳೂರಿಗೆ ಇಳಿದಾಗ, ಹಸುವಿನ ಹಾಲು ಕುಡಿಯದ ಈ ಮುದುಕರು ಸರ್ಕಾರಿ ಡೇರಿಗೆ ಹೋಗಿ ಗೋಪಾಲನೆಯ ಪಾಠ ಕೇಳಿದರು.

ಶಾಕಾಹಾರಿಗಳ ಸಿಟ್ಟನ್ನೂ ಅವರು ಕಂಡರು. 1915ರಲ್ಲಿ ಅಹಮದಾಬಾದಿನ ಆಶ್ರಮದಲ್ಲಿ ಅಸ್ಪೃಶ್ಯ ದೂದಾಭಾಯಿಯ ಸಂಸಾರವನ್ನು ಸೇರಿಸಿಕೊಂಡಾಗ ದಾನಿಗಳ ಹಣ ನಿಂತಿತು, ಬಾವಿಯ ನೀರಿಗೆ ತಕರಾರು ಬಂತು. ದೂದಾಭಾಯಿ ಉಂಡದ್ದೂ ಆಶ್ರಮದ ಶಾಕಾಹಾರವನ್ನೇ. ತಟ್ಟೆಯಲ್ಲಿ ಮಾಂಸವಿರಲಿಲ್ಲವಾದರೂ ಮೈಲಿಗೆ ಹೋಗಲಿಲ್ಲ. 1928ರಲ್ಲಿ ಸಾಬರಮತಿಯಲ್ಲಿ ಗುಣವಾಗದೆ ನರಳುತ್ತಿದ್ದ ಕರುವಿಗೆ ಅವರು ಚುಚ್ಚುಮದ್ದಿನಿಂದ ಸಾವು ಕೊಡಿಸಿದಾಗ ನಿಂದೆಯ ಪತ್ರಗಳ ಮಳೆಯೇ ಸುರಿಯಿತು. 1931ರ ನವೆಂಬರಿನಲ್ಲಿ ಲಂಡನ್ನಿನ ಶಾಕಾಹಾರಿ ಸಂಘವು ಅವರನ್ನು ಮತ್ತೆ ಕರೆಯಿತು; ವೃದ್ಧರಾಗಿದ್ದ ಹೆನ್ರಿ ಸಾಲ್ಟರು ಪಕ್ಕದಲ್ಲಿದ್ದರು. ಆರೋಗ್ಯದ ಆಸೆಯಿಂದ ಹಿಡಿದ ಶಾಕಾಹಾರ ನಿಲ್ಲದು, ನೀತಿಯ ಬುನಾದಿ ಬೇಕು. ತಿನ್ನುವವರ ಬಗ್ಗೆ ಸಹನೆಯೂ ಬೇಕೆಂದು ಅವರು ಅಲ್ಲಿ ಹೇಳಿದರು.

1936ರಿಂದ ಸೇಗಾಂವಿನಲ್ಲಿ, ಅಂದರೆ ಇಂದಿನ ಸೇವಾಗ್ರಾಮದಲ್ಲಿ, ಎಲ್ಲ ಜಾತಿಯವರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಬೇಯಿಸಿದ ತರಕಾರಿ, ಬೇವಿನ ಚಟ್ನಿ. ನಮ್ಮ ಭಟ್ಟರ ಸಾಂಬಾರಿಗೆ ಒಗ್ಗಿದ ನಾಲಿಗೆಗೆ ಆ ಊಟ ಪರೀಕ್ಷೆಯೇ ಸರಿ. 1948ರ ಜನವರಿ 30ರ ಸಂಜೆ ದಿಲ್ಲಿಯಲ್ಲಿ ಸರ್ದಾರ್ ಪಟೇಲರೊಡನೆ ಮಾತಾಡುತ್ತ ಅವರು ಕೊನೆಯ ಊಟ ಮಾಡಿದರು. ತರಕಾರಿ, ಕಿತ್ತಳೆ ಮತ್ತು ಆಡಿನ ಹಾಲು. ಮಾತು ಉದ್ದವಾಗಿ ಪ್ರಾರ್ಥನೆಗೆ ಹೊತ್ತಾಗಿತ್ತು. ಅವಸರವಾಗಿ ಎದ್ದು ತೋಟದ ಹಾದಿ ಹಿಡಿದರು.