ಆಕಾಶವಾಣಿಯ ಹರಿಕಾರ ಪ್ರೊ. ಎಂ.ವಿ. ಗೋಪಾಲಸ್ವಾಮಿ

ನಿಮ್ಮ ಜೇಬಿನಲ್ಲಿರುವ ಮೊಬೈಲನ್ನು ಒಮ್ಮೆ ಕೈಗೆತ್ತಿಕೊಳ್ಳಿ. ತಂತಿಯಿಲ್ಲದೆ ಮಾತು ದೂರಕ್ಕೆ ಹೋಗುವುದು ಇಂದು ಮಕ್ಕಳಿಗೂ ಅಚ್ಚರಿಯಲ್ಲ. ಆದರೆ ಈ ವಿದ್ಯೆ ಮೈಸೂರಿನಲ್ಲಿ ಮೊದಲು ಒಬ್ಬ ಮೇಷ್ಟ್ರ ಮನೆಯಲ್ಲಿ ಕಣ್ಣು ಬಿಟ್ಟಿತೆಂಬುದು ನಿಮಗೆ ಗೊತ್ತೇ?

ಆ ಮೇಷ್ಟ್ರೇ ಪ್ರೊ. ಎಂ.ವಿ. ಗೋಪಾಲಸ್ವಾಮಿ. ಅವರು ಎಂಜಿನಿಯರ್ ಆಗಿರಲಿಲ್ಲ. ಲಂಡನ್ನಿನಲ್ಲಿ ಪ್ರಸಿದ್ಧ ಮನೋವಿಜ್ಞಾನಿ ಸ್ಪಿಯರ್‌ಮನ್ ಅವರ ಬಳಿ ಓದಿ ಡಾಕ್ಟರೇಟ್ ಪಡೆದವರು. ಊರಿಗೆ ಮರಳಿ 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ಮುಂದೆ ಅದೇ ಕಾಲೇಜಿನ ಪ್ರಾಂಶುಪಾಲರೂ ಆದರು. ಮನುಷ್ಯನ ಮನಸ್ಸು ಹೇಗೆ ಕಲಿಯುತ್ತದೆ ಎಂಬುದೇ ಅವರ ಅಧ್ಯಯನ. ಪುಸ್ತಕ ಓದಲು ಬಾರದವನೂ ಕಿವಿಯಿಂದ ಕಲಿಯಬಲ್ಲನಲ್ಲವೇ? ರೇಡಿಯೋ ಅಂಥವನ ಪಾಲಿಗೆ ಶಾಲೆಯೇ ಆಗಬಹುದಿತ್ತು.

ಆಗಿನ ಕಾಲವನ್ನು ನೆನೆಯಿರಿ. ಭಾರತದಲ್ಲಿ ವ್ಯವಸ್ಥಿತ ಪ್ರಸಾರ 1927ರಲ್ಲಷ್ಟೇ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ಆರಂಭವಾಗಿತ್ತು. ಅದಕ್ಕೂ ಒಂದು ವರ್ಷ ಮೊದಲು, 1926ರಲ್ಲಿ, ಅಮೆರಿಕದಲ್ಲಿದ್ದ ವಿಜ್ಞಾನಿ ನಿಕೊಲಾ ಟೆಸ್ಲಾ ಪತ್ರಿಕೆಯೊಂದಕ್ಕೆ ಸಂದರ್ಶನ ಕೊಟ್ಟಿದ್ದರು. ದೂರದಲ್ಲಿರುವವರು ಪರಸ್ಪರ ನೋಡುತ್ತಾ ಮಾತನಾಡುವ ದಿನ ಬರುತ್ತದೆ, ಅದಕ್ಕೆ ಬೇಕಾದ ಉಪಕರಣ ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದಾಗಿರುತ್ತದೆ ಎಂದು ಆಗಲೇ ಭವಿಷ್ಯ ನುಡಿದಿದ್ದರು. ಹಾಗೆ ನುಡಿಯುವುದು ದೊಡ್ಡ ವಿಷಯವೇ. ಆದರೆ ಬರಲಿರುವ ಕಾಲವನ್ನು ತನ್ನ ಊರಿಗೆ ಕರೆತರುವವನೂ ಒಬ್ಬ ಬೇಕು. ಮೈಸೂರಿಗೆ ಆ ಕೆಲಸ ಮಾಡಿದವರು ಗೋಪಾಲಸ್ವಾಮಿಯವರು.

1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಅವರು ಬಾನುಲಿ ಕೇಂದ್ರ ತೆರೆದರು. ಸರಕಾರದ ಆಜ್ಞೆಯಿಂದ ಹುಟ್ಟಿದ ಕೇಂದ್ರವಲ್ಲ ಅದು. ಸ್ವಂತ ಹಣ, ಸ್ವಂತ ಶ್ರಮ. ಪ್ರೇಷಕ ಯಂತ್ರದ ಶಕ್ತಿ ಕೇವಲ 30 ವಾಟ್. ಒಂದು ಸಣ್ಣ ಬಲ್ಬಿಗೆ ಬೇಕಾದಷ್ಟು! ಮೊದಲ ದಿನದ ಪ್ರಸಾರದಲ್ಲಿ ಕುವೆಂಪು ಅವರ ಕವಿತಾವಾಚನವಿತ್ತು. ಮುಂದೆ ಸಂಗೀತ, ಭಾಷಣಗಳು ಅಲ್ಲಿಂದ ಹೊರಟವು. ಯಂತ್ರದ ಶಕ್ತಿಯೂ 250 ವಾಟ್‌ಗೆ ಏರಿತು. ಕೇಂದ್ರಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಈ ಹೆಸರನ್ನು ಸೂಚಿಸಿದವರು ಸಾಹಿತಿ ನಾ. ಕಸ್ತೂರಿಯವರೆಂದು ಮೈಸೂರಿನವರು ಹೇಳುತ್ತಾರೆ. ದೆಹಲಿಯ ಸಂಸ್ಥೆಗೆ ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರು ಬಂದದ್ದೇ 1936ರಲ್ಲಿ ಎಂಬುದನ್ನು ಗಮನಿಸಿ.

ಮನೆಯಿಂದ ಒಂದು ಬಾನುಲಿ ಕೇಂದ್ರವನ್ನು ಎಷ್ಟು ವರ್ಷ ನಡೆಸಲು ಸಾಧ್ಯ? ಪಾಠ ಹೇಳುವ ಪ್ರಾಧ್ಯಾಪಕರ ಸಂಬಳದಲ್ಲಿ ಖರ್ಚು ತೂಗಿಸುವುದು ಸುಲಭವಲ್ಲ. ಆದರೂ ಅವರು ಕೈಬಿಡಲಿಲ್ಲ. ಕೊನೆಗೆ ಕೇಂದ್ರ ಮೈಸೂರು ಪುರಸಭೆಯ ಕೈಗೆ, ನಂತರ 1942ರಲ್ಲಿ ಮೈಸೂರು ಸರಕಾರದ ಕೈಗೆ ಬಂತು. 1950ರಲ್ಲಿ ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿತು. 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ಮೈಸೂರಿನ ಮನೆಯೊಂದರಲ್ಲಿ ಇಟ್ಟ ಹೆಸರನ್ನು ಅದೇ ದಶಕದಲ್ಲಿ ಇಡೀ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು. ಹೆಸರು ಉಳಿಯಿತು, ಹೆಸರಿನ ಹಿಂದಿದ್ದ ಮೇಷ್ಟ್ರು ಮಾತ್ರ ಬಹಳ ಮಂದಿಗೆ ಮರೆತುಹೋದರು.

ಮೊಬೈಲಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಮೊಬೈಲೂ ಒಂದು ರೇಡಿಯೋನೇ. ವ್ಯತ್ಯಾಸವಿಷ್ಟೇ: ಹಳೆಯ ರೇಡಿಯೋ ಕೇಳಿಸುತ್ತಿತ್ತು, ಇದು ಕೇಳಿಸುವುದರ ಜೊತೆಗೆ ನಮ್ಮ ಮಾತನ್ನೂ ಕಳಿಸುತ್ತದೆ. ಅದರ ಪ್ರೇಷಕ ಬಲು ಸಣ್ಣದು. ಹಾಗಾಗಿ ಹತ್ತಿರದಲ್ಲಿ ಟವರ್ ಇರಲೇಬೇಕು. ಟವರ್ ದೂರವಾದರೆ ಮಾತು ನಿಂತುಹೋಗುತ್ತದೆ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಇಂದು ಹುಣಸೂರು, ಪಿರಿಯಾಪಟ್ಟಣಗಳ ರೈತ ತಂಬಾಕಿನ ದರವನ್ನು ಫೋನಿನಲ್ಲೇ ವಿಚಾರಿಸುತ್ತಾನೆ. ಕೆ.ಆರ್. ನಗರದ ಭತ್ತದ ಬೆಳೆಗಾರ ಮಳೆಯ ಮುನ್ಸೂಚನೆ ನೋಡುತ್ತಾನೆ. ಆದರೆ 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ, ಹೆಗ್ಗಡದೇವನ ಕೋಟೆಯಂಥ ಕಾಡಂಚಿನ ಊರುಗಳ ಮಕ್ಕಳಿಗೆ ಪಾಠಕ್ಕಿಂತ ಮೊದಲು ಸಿಗ್ನಲ್ ಹುಡುಕಬೇಕಾಯಿತು.

ಮುಂದೆ ಫೋನು ಇನ್ನೂ ಚಿಕ್ಕದಾಗಬಹುದು, ಇನ್ನೂ ವೇಗವಾಗಬಹುದು. ಅದು ಕಟ್ಟಕಡೆಯ ಹಾಡಿಯ ಮಗುವಿನ ಕಿವಿಯನ್ನು ಮುಟ್ಟೀತೇ, ಮುಟ್ಟಿದಾಗ ಅದರಲ್ಲಿ ಕಲಿಯುವಂಥದ್ದು ಏನಾದರೂ ಇದ್ದೀತೇ ಎಂಬುದೇ ನಿಜವಾದ ಪ್ರಶ್ನೆ. 30 ವಾಟ್‌ನ ಯಂತ್ರವಿದ್ದ ಮೇಷ್ಟ್ರು ತಮ್ಮಲ್ಲಿದ್ದಷ್ಟನ್ನು ಊರಿಗೆ ಹಂಚಿದರು. ಹುಣಸೂರು ರಸ್ತೆಯಲ್ಲಿ ಮೈಸೂರಿಗೆ ಹೋದಾಗ ಒಂಟಿಕೊಪ್ಪಲು ಹೆಚ್ಚು ದೂರವೇನಲ್ಲ. ಆ ಕಡೆ ಹೋದರೆ ಅವರನ್ನು ಒಂದು ಕ್ಷಣ ನೆನೆಯಿರಿ. ಆಮೇಲೆ ನಿಮ್ಮ ಕೈಯಲ್ಲಿರುವ ಫೋನಿನಿಂದ ಇನ್ನೊಬ್ಬರಿಗೆ ಏನನ್ನು ಕಲಿಸಬಲ್ಲಿರೆಂದು ನಿಮ್ಮನ್ನೇ ಕೇಳಿಕೊಳ್ಳಿ.